ಮೀಟರ್ ಒಂದು ಹೇಳುತ್ತೆ, ಕ್ಯಾಮೆರಾ ಇನ್ನೊಂದು: ಎಕ್ಸ್‌ಪೋಷರ್ ವ್ಯತ್ಯಾಸದ ಮೂಲ ಹುಡುಕುವ ಬಗೆ

ಲೈಟಿಂಗ್ ಮುಗಿದಿದೆ. ಕೈಯಲ್ಲಿರುವ ಲೈಟ್ ಮೀಟರ್, ಅಂದರೆ ಬೆಳಕು ಅಳೆದು ಲೆನ್ಸ್ ಎಷ್ಟು ತೆರೆಯಬೇಕು ಎಂದು ಹೇಳುವ ಯಂತ್ರ, 4 (ಎಫ್/4) ತೋರಿಸುತ್ತಿದೆ. ಲೆನ್ಸನ್ನು 4ಕ್ಕೆ ಇಟ್ಟು ನೋಡಿದರೆ ವೇವ್‌ಫಾರ್ಮಿನಲ್ಲಿ (ಚಿತ್ರದ ಬೆಳಕಿನ ಮಟ್ಟವನ್ನು ಶೇಕಡಾದಲ್ಲಿ ತೋರಿಸುವ ನಕ್ಷೆ) ಗ್ರೇ ಕಾರ್ಡ್, ಅಂದರೆ ಬೂದು ಬಣ್ಣದ ಪರೀಕ್ಷಾ ಕಾರ್ಡ್, ಇರಬೇಕಾದ ಜಾಗದಲ್ಲಿ ಇಲ್ಲ. ಮೇಲೆ ಕೂತಿದೆ, ಇಲ್ಲವೇ ಕೆಳಗೆ ಇಳಿದಿದೆ. ಮೀಟರ್ ಹಿಡಿದವರು ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟದ ಅಂಕಿ) ಸುಳ್ಳು ಅನ್ನುತ್ತಾರೆ. ಕ್ಯಾಮೆರಾ ಹಿಂದೆ ನಿಂತವರು ಮೀಟರ್ ಹಳೆಯದಾಯ್ತು ಅನ್ನುತ್ತಾರೆ. ಹೆಚ್ಚಿನ ಸಲ ಎರಡೂ ಸರಿಯಾಗೇ ಇರುತ್ತವೆ. ನಡುವೆ ಎಲ್ಲೋ ಒಂದು ಸೆಟ್ಟಿಂಗ್ ತಪ್ಪಿರುತ್ತದೆ, ಗಾಜು ಬೆಳಕು ತಿಂದಿರುತ್ತದೆ, ಅಥವಾ ಇಬ್ಬರೂ ಅಳೆದ ರೀತಿ ಬೇರೆಬೇರೆ ಆಗಿರುತ್ತದೆ.

ಉದಾಹರಣೆಗೆ ಇಲ್ಲಿ ಸೋನಿ ಎಫ್‌ಎಕ್ಸ್6 ಕ್ಯಾಮೆರಾ, ಎಸ್-ಲಾಗ್3 ರೆಕಾರ್ಡಿಂಗ್ (ಲಾಗ್ ಎಂದರೆ ಬೆಳಕು-ನೆರಳಿನ ವಿವರ ಹೆಚ್ಚು ಉಳಿಯುವಂತೆ ಸಪ್ಪೆಯಾಗಿ ಬರೆದುಕೊಳ್ಳುವ ರೀತಿ), ಸೆಕಾನಿಕ್ ಮೀಟರ್ ಇಟ್ಟುಕೊಂಡಿದ್ದೇನೆ. ನಿಮ್ಮ ಹತ್ತಿರ ಬೇರೆ ಕ್ಯಾಮೆರಾ ಇದ್ದರೂ ಹುಡುಕುವ ದಾರಿ ಇದೇ. ಅಂಕಿಗಳು ಮಾತ್ರ ಬೇರೆ.

ಮೊದಲ ಪ್ರಶ್ನೆ: ವ್ಯತ್ಯಾಸ ಒಂದೇ ಸಮ ಇದೆಯಾ?

ಯಾವ ಗುಂಡಿಯನ್ನೂ ಒತ್ತುವ ಮೊದಲು ಇದೊಂದನ್ನು ಗೊತ್ತುಮಾಡಿಕೊಳ್ಳಿ. ಮೀಟರ್ ಮತ್ತು ಕ್ಯಾಮೆರಾ ನಡುವಿನ ಅಂತರ ಪ್ರತಿ ಸಲ ಅಷ್ಟೇ ಇದೆಯಾ, ಅಥವಾ ಬದಲಾಗುತ್ತಿದೆಯಾ? ಯಾವಾಗಲೂ ಐದು ನಿಮಿಷ ಮುಂದಿರುವ ಗಡಿಯಾರವನ್ನು ನೋಡಿಕೊಂಡು ಆರಾಮಾಗಿ ಬಸ್ ಹಿಡಿಯಬಹುದು. ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಗುವ ಗಡಿಯಾರ ಗೋಡೆ ಮೇಲಿದ್ದೂ ಪ್ರಯೋಜನವಿಲ್ಲ.

ಅಂತರ ಸ್ಥಿರವಾಗಿದ್ದರೆ ಅದು ದೋಷವೇ ಅಲ್ಲ. ಮೀಟರಿನಲ್ಲಿ ಒಂದು ಅಂಕಿ ತಿದ್ದಿದರೆ ಮುಗಿಯಿತು. ಅಂತರ ಬದಲಾಗುತ್ತಿದ್ದರೆ ಯಾವುದರ ಜೊತೆ ಬದಲಾಗುತ್ತಿದೆ ನೋಡಿ. ಲೆನ್ಸ್ ಬದಲಿಸಿದಾಗಲಾ? ಫ್ರೇಮ್ ರೇಟ್ ಬದಲಿಸಿದಾಗಲಾ? ಎಲ್‌ಇಡಿ ಡಿಮ್ ಮಾಡಿದಾಗಲಾ? ಯಾವುದರ ಜೊತೆ ಅಂತರ ಕುಣಿಯುತ್ತದೋ ಅಲ್ಲೇ ಕಾರಣ ಇದೆ. ಕೆಳಗೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿಸ್ತಾರ ಅಷ್ಟೇ.

ಆಟೋ ಎಲ್ಲ ಆಫ್ ಮಾಡಿ

ಕೇಳಿದರೆ ನಗು ಬರಬಹುದು. ಆದರೂ ಮೊದಲು ಇದನ್ನೇ ನೋಡಿ. ಆಟೋ ಐರಿಸ್ (ಐರಿಸ್ ಎಂದರೆ ಬೆಳಕು ಒಳಬರುವ ಲೆನ್ಸಿನ ಕಂಡಿ), ಆಟೋ ಐಎಸ್‌ಒ, ಆಟೋ ಷಟರ್ ಮೂರೂ ಆಫ್ ಇರಬೇಕು. ಎಫ್‌ಎಕ್ಸ್6ರಲ್ಲಿ ಇನ್ನೊಂದು ಕಳ್ಳ ಇದೆ: ಆಟೋ ಎನ್‌ಡಿ. ಎನ್‌ಡಿ ಎಂದರೆ ಬಣ್ಣ ಬದಲಿಸದೆ ಬೆಳಕು ತಗ್ಗಿಸುವ ಫಿಲ್ಟರ್. ಅದರ ಎಲೆಕ್ಟ್ರಾನಿಕ್ ಎನ್‌ಡಿ 1/4ರಿಂದ 1/128ರವರೆಗೆ ಸದ್ದಿಲ್ಲದೆ ಜಾರುತ್ತದೆ. ನೀವು ಲೈಟ್ ಹೆಚ್ಚಿಸುತ್ತೀರಿ, ಮೀಟರ್ ಏರುತ್ತದೆ, ವೇವ್‌ಫಾರ್ಮ್ ಮಾತ್ರ ಅಲ್ಲೇ ನಿಂತಿರುತ್ತದೆ. ಹಾಗಾದರೆ ಮುಂದೆ ಓದುವ ಅಗತ್ಯವೇ ಇಲ್ಲ, ಎನ್‌ಡಿಯನ್ನು ಕ್ಲಿಯರ್‌ಗೆ ತನ್ನಿ.

ಪರೀಕ್ಷೆಗೆ ಸಿದ್ಧತೆ

ಸೆಟ್ಟಿನ ಮಧ್ಯೆ, ನಾಲ್ಕು ಲೈಟ್ ಉರಿಯುವಾಗ, ನಟರು ಕಾಯುತ್ತಿರುವಾಗ ಇದನ್ನು ಬಗೆಹರಿಸಲು ಹೋಗಬೇಡಿ. ರೂಮಿನಲ್ಲಿ ಒಂದೇ ಒಂದು ಸಾಫ್ಟ್ ಲೈಟ್ ಇಡಿ. ಅದು ಕ್ಯಾಮೆರಾ ಪಕ್ಕದಿಂದ, ನೇರವಾಗಿ ಬರಲಿ. ಎದುರಿಗೆ 18% ಗ್ರೇ ಕಾರ್ಡ್, ಅಂದರೆ ಬಿದ್ದ ಬೆಳಕಿನ 18% ವಾಪಸ್ ಕಳಿಸುವ ಕಾರ್ಡ್. ಕಾರ್ಡಿನ ಮೇಲೆ ಹೊಳಪು ಕಾಣಬಾರದು. ಕಂಡರೆ ಸ್ವಲ್ಪ ಓರೆ ಮಾಡಿ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್, ಷಟರ್ 1/50, ಬೇಸ್ ಐಎಸ್‌ಒ (ಸೆನ್ಸರಿನ ಮೂಲ ಐಎಸ್‌ಒ) 800, ಇ.ಐ. (ಎಕ್ಸ್‌ಪೋಷರ್ ಇಂಡೆಕ್ಸ್, ಅಂದರೆ ಎಕ್ಸ್‌ಪೋಷರ್ ಲೆಕ್ಕಕ್ಕೆ ನಾವು ಹಿಡಿಯುವ ಐಎಸ್‌ಒ) ಕೂಡ 800, ಎನ್‌ಡಿ ಇಲ್ಲ, ಲೆನ್ಸ್ ಮುಂದೆ ಯಾವ ಫಿಲ್ಟರೂ ಇಲ್ಲ. ಮಾನಿಟರಿನಲ್ಲಿ ಲಟ್ (ಸಪ್ಪೆ ಲಾಗ್ ಚಿತ್ರವನ್ನು ಸಹಜವಾಗಿ ಕಾಣುವಂತೆ ಬದಲಿಸುವ ಕೋಷ್ಟಕ) ತೆಗೆದುಬಿಡಿ. ಮೀಟರಿನಲ್ಲೂ ಐಎಸ್‌ಒ 800, 1/50.

ಕಾರ್ಡ್ ಫ್ರೇಮಿನ ಮಧ್ಯದಲ್ಲಿರಲಿ. ಎಷ್ಟೋ ಲೆನ್ಸುಗಳಲ್ಲಿ ಮೂಲೆಗಳು ಕಪ್ಪಾಗಿರುತ್ತವೆ.

ಈಗ ಮೀಟರ್ ಹೇಳಿದ ಅಂಕಿಗೆ ಲೆನ್ಸ್ ಇಟ್ಟು ಕಾರ್ಡ್ ಎಲ್ಲಿ ಕೂತಿದೆ ನೋಡಿ. ಎಸ್-ಲಾಗ್3ರಲ್ಲಿ 18% ಗ್ರೇ 41%ಗೆ ಬರಬೇಕು. ಬೇರೆ ಲಾಗ್‌ಗಳಿಗೆ ಬೇರೆ ಜಾಗ. ಆರ್ರಿ ಲಾಗ್‌ಸಿ3ರಲ್ಲಿ 39%, ಲಾಗ್‌ಸಿ4ರಲ್ಲಿ 28%, ಪ್ಯಾನಸೋನಿಕ್ ವಿ-ಲಾಗ್‌ನಲ್ಲಿ 42%, ರೆಡ್ ಲಾಗ್3ಜಿ10ರಲ್ಲಿ 33%, ಬ್ಲ್ಯಾಕ್‌ಮ್ಯಾಜಿಕ್ ಜೆನ್ 5 ಫಿಲ್ಮ್‌ನಲ್ಲಿ 38%. ಒಂದು ಕ್ಯಾಮೆರಾದ ಅಂಕಿಯನ್ನು ಇನ್ನೊಂದಕ್ಕೆ ಹಾಕಿ "ಒಂದು ಸ್ಟಾಪ್ ಅಂಡರ್ ಇದೆ" ಎಂದು ಹೇಳುವುದು ತುಂಬಾ ಸುಲಭವಾಗಿ ಆಗುವ ತಪ್ಪು. (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವುದು. ಓವರ್ ಎಂದರೆ ಬೆಳಕು ಜಾಸ್ತಿ, ಅಂಡರ್ ಎಂದರೆ ಕಮ್ಮಿ.) ನಿನ್ನೆ ಎಸ್-ಲಾಗ್3, ಇವತ್ತು ರೆಡ್ ಅಂದರೆ ಈ ಎಡವಟ್ಟು ಖಾತ್ರಿ.

ಎಸ್-ಲಾಗ್3ರಲ್ಲಿ ಗ್ರೇ ಆಸುಪಾಸಿನಲ್ಲಿ ಒಂದು ಸ್ಟಾಪ್ ಎಂದರೆ ವೇವ್‌ಫಾರ್ಮಿನಲ್ಲಿ 8ರಿಂದ 9 ಅಂಕ. ಒಂದು ಸ್ಟಾಪ್ ಓವರ್ ಆದರೆ ಕಾರ್ಡ್ 49ರ ಹತ್ತಿರ, ಒಂದು ಸ್ಟಾಪ್ ಅಂಡರ್ ಆದರೆ 32ರ ಹತ್ತಿರ. ಮೂರನೇ ಒಂದು ಸ್ಟಾಪ್ ಅಂದರೆ ಬರೀ ಮೂರು ಅಂಕದಷ್ಟು. ಗೆರೆ ದಪ್ಪ ಇದ್ದರೆ ಅಷ್ಟು ಅದರೊಳಗೇ ಮುಚ್ಚಿಹೋಗುತ್ತದೆ. ಅದಕ್ಕೆ ಕಣ್ಣಳತೆ ಬೇಡ, ಹೀಗೆ ಮಾಡಿ: ಕಾರ್ಡ್ ಸರಿಯಾಗಿ 41ಕ್ಕೆ ಬರುವವರೆಗೆ ಐರಿಸ್ ತಿರುಗಿಸಿ, ಆಮೇಲೆ ಲೆನ್ಸಿನ ಅಂಕಿ ಓದಿ. ಮೀಟರಿನ ಅಂಕಿಗೂ ಅದಕ್ಕೂ ಇರುವ ದೂರವೇ ನಿಮ್ಮ ಅಂತರ.

ಇಲ್ಲೇ ಇನ್ನೊಂದು ಮಾತು. ಮಾನಿಟರ್ ಫುಲ್ ರೇಂಜ್, ಲೀಗಲ್ ರೇಂಜ್ (ಸಿಗ್ನಲ್ಲಿನಲ್ಲಿ ಕಪ್ಪು-ಬಿಳುಪಿನ ಮಿತಿ ಗುರುತಿಸುವ ಎರಡು ರೀತಿ) ಗೊಂದಲದಲ್ಲಿದೆ ಎಂದು ಅನುಮಾನ ಬಂದರೆ ಗ್ರೇ ನೋಡಿ ಗೊತ್ತಾಗುವುದಿಲ್ಲ. ಎಸ್-ಲಾಗ್3ರ ಗ್ರೇ ಎರಡರಲ್ಲೂ ಹತ್ತಿರಹತ್ತಿರ 41ರಲ್ಲೇ ಇರುತ್ತದೆ. ಲೆನ್ಸ್ ಕ್ಯಾಪ್ ಹಾಕಿ ಕಪ್ಪನ್ನು ನೋಡಿ. 3.5% ಆಸುಪಾಸು ಇದ್ದರೆ ಸರಿ. 9% ದಾಟಿದ್ದರೆ ರೇಂಜ್ ಎಡವಟ್ಟಾಗಿದೆ. ಅದನ್ನು ಸರಿಮಾಡಿ. ಆದರೆ ನಿಮ್ಮ ಗ್ರೇ ಅಂತರಕ್ಕೆ ಅದು ಕಾರಣವಲ್ಲ.

ಮೀಟರ್ ಹಿಡಿಯುವ ಕೈ

ನನ್ನ ಪ್ರಕಾರ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ. ಯಂತ್ರದ ಪಾತ್ರ ಕಮ್ಮಿ.

ಒಬ್ಬರು ಡೋಮನ್ನು (ಮೇಲೆ ಬೀಳುವ ಬೆಳಕನ್ನು ಅಳೆಯುವ ಮೀಟರಿನ ಬಿಳಿ ಗುಮ್ಮಟ) ಕ್ಯಾಮೆರಾ ಕಡೆಗೆ ಹಿಡಿಯುತ್ತಾರೆ. ಇನ್ನೊಬ್ಬರು ಲೈಟಿನ ಕಡೆಗೆ. ಎದುರಿನಿಂದ ಬೆಳಕು ಬರುವಾಗ ಎರಡೂ ಹೆಚ್ಚುಕಮ್ಮಿ ಒಂದೇ. ಕೀ ಲೈಟ್ (ಮುಖ್ಯ ಲೈಟ್) ಪಕ್ಕಕ್ಕೆ ಸರಿದಷ್ಟೂ ಅಂತರ ದೊಡ್ಡದಾಗುತ್ತದೆ. ಯಾವುದು ಸರಿ ಎಂದು ವಾದ ಮಾಡಿ ಪ್ರಯೋಜನವಿಲ್ಲ. ಇಡೀ ಎಕ್ಸ್‌ಪೋಷರ್ ಬೇಕಾದರೆ ಡೋಮ್ ಹೊರಗೆ, ಮುಖ ಕ್ಯಾಮೆರಾ ಕಡೆಗೆ. ಒಂದೊಂದು ಲೈಟನ್ನು ಬೇರೆಯಾಗಿ ಅಳೆದು ಕೀ ಲೈಟಿಗೂ ಫಿಲ್ ಲೈಟಿಗೂ (ನೆರಳು ತಿಳಿಗೊಳಿಸುವ ಲೈಟ್) ಇರುವ ಅನುಪಾತ ನೋಡಬೇಕಾದರೆ ಡೋಮ್ ಒಳಗೆ, ಮುಖ ಲೈಟಿನ ಕಡೆಗೆ. ಅನುಪಾತ ಅಳೆದು ಡೋಮನ್ನು ಒಳಗೇ ಬಿಟ್ಟು, ಆಮೇಲೆ ಎಕ್ಸ್‌ಪೋಷರ್ ಅಳೆದರೆ ಲೆಕ್ಕ ತಪ್ಪುತ್ತದೆ.

ಜಾಗವೂ ಮುಖ್ಯ. ಚಿಕ್ಕ ಲೈಟು 2 ಮೀಟರ್ ದೂರದಲ್ಲಿದ್ದರೆ, ಮೀಟರನ್ನು ಮುಖಕ್ಕಿಂತ 20 ಸೆಂಟಿಮೀಟರ್ ಹಿಂದೆ ಹಿಡಿದರೂ ಕಾಲು ಸ್ಟಾಪ್ ಹೋಗುತ್ತದೆ. ಲೈಟ್ ಹತ್ತಿರ ಬಂದಷ್ಟೂ ಇದು ಜಾಸ್ತಿ. ಇನ್ನು ನಿಮ್ಮ ಮೈ ಇದೆ. ಮೀಟರ್ ಹಿಡಿದವರೇ ಫಿಲ್ ಲೈಟಿಗೆ ಅಡ್ಡ ನಿಂತಿರುತ್ತಾರೆ. ಬಿಳಿ ಅಂಗಿ ಹಾಕಿದ್ದರೆ ಅದೇ ಒಂದು ಬೌನ್ಸ್ ಬೋರ್ಡ್. ಕೈ ಚಾಚಿ, ಪಕ್ಕಕ್ಕೆ ನಿಂತು ಅಳೆಯಿರಿ.

ಅಂಕಿ ಓದುವುದರಲ್ಲೂ ಎಡವುವ ಜಾಗ ಒಂದಿದೆ. ಸೆಕಾನಿಕ್ ಡಿಸ್‌ಪ್ಲೇಯಲ್ಲಿ 2.8ರ ಪಕ್ಕ ಸಣ್ಣದಾಗಿ 5 ಇದ್ದರೆ ಅದು 2.85 ಅಲ್ಲ. 2.8 ಮತ್ತು ಅದರ ಮೇಲೆ ಸ್ಟಾಪಿನ ಹತ್ತನೇ ಐದು ಭಾಗ. ಅಂದರೆ 2.8ಕ್ಕೂ 4ಕ್ಕೂ ಸರಿಯಾಗಿ ಮಧ್ಯೆ, 3.3ರ ಹತ್ತಿರ. ಇದನ್ನು ಹೇಳಿಕೊಡದೆ ಹೊಸ ಅಸಿಸ್ಟೆಂಟ್ ಕೈಗೆ ಮೀಟರ್ ಕೊಟ್ಟರೆ ಇಡೀ ದಿನ ಅರ್ಧ ಸ್ಟಾಪ್ ಓವರ್ ಹೋಗಬಹುದು.

ಅಂತರದ ಗಾತ್ರವೇ ಅರ್ಧ ಉತ್ತರ

ಪರೀಕ್ಷೆಯಲ್ಲಿ ಬಂದ ಅಂತರ ಎಷ್ಟು ಎಂದು ನೋಡಿದರೆ ಎಲ್ಲಿ ಹುಡುಕಬೇಕು ಎಂಬುದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

ಹತ್ತನೇ ಒಂದು ಸ್ಟಾಪ್ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಬಿಟ್ಟುಬಿಡಿ. 24 ಫ್ರೇಮಿಗೆ ಷಟರ್ ಕೋನ 180 ಡಿಗ್ರಿ ಇಟ್ಟರೆ ಷಟರ್ ವೇಗ 1/48. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್ ಆದ್ದರಿಂದ ಫ್ಲಿಕರ್ ತಪ್ಪಿಸಲು 172.8 ಡಿಗ್ರಿ ಇಡುತ್ತಾರೆ, ಆಗ ಸರಿಯಾಗಿ 1/50. ಮೀಟರ್ ಸಿನಿ ಮೋಡಿನಲ್ಲಿ 180 ಎಂದುಕೊಂಡಿದ್ದರೂ ವ್ಯತ್ಯಾಸ ಬರೀ 0.06 ಸ್ಟಾಪ್. ಇದಕ್ಕೆ ತಲೆ ಕೆಡಿಸಿಕೊಳ್ಳುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ.

ಕಾಲು ಸ್ಟಾಪ್ ಇದ್ದರೆ ಮೀಟರಿನ ಷಟರ್ ನೋಡಿ. 1/60ರಲ್ಲಿ ಬಿಟ್ಟಿದ್ದಾರಾ? ಸ್ಟಿಲ್ ಫೋಟೋಗೆ ಬಳಸಿದ ಮೀಟರುಗಳಲ್ಲಿ ಇದು ಮಾಮೂಲು. 1/50ಕ್ಕೂ 1/60ಕ್ಕೂ 0.26 ಸ್ಟಾಪ್ ಅಂತರ.

ಮೂರನೇ ಒಂದು ಭಾಗ ಇದ್ದರೆ ಲೆನ್ಸ್, ಇಲ್ಲವೇ ಕ್ಯಾಲಿಬ್ರೇಷನ್. 0.6ರ ಹತ್ತಿರ ಇದ್ದರೆ ಇನ್ಸಿಡೆಂಟ್ (ಡೋಮಿನಿಂದ, ಮೇಲೆ ಬೀಳುವ ಬೆಳಕು) ಮತ್ತು ಸ್ಪಾಟ್ (ಒಂದು ಚಿಕ್ಕ ಜಾಗದಿಂದ ವಾಪಸ್ ಬರುವ ಬೆಳಕು) ಓದನ್ನು ಹೋಲಿಸುತ್ತಿದ್ದೀರಿ. ಎರಡಕ್ಕೂ ಕೆಳಗೆ ಬರುತ್ತೇನೆ.

ಸರಿಯಾಗಿ ಒಂದು ಸ್ಟಾಪ್ ಇದ್ದರೆ ಅದು ಯಾವತ್ತೂ ಕ್ಯಾಲಿಬ್ರೇಷನ್ ದೋಷ ಅಲ್ಲ, ಯಾರೋ ಏನೋ ಇಟ್ಟಿದ್ದಾರೆ ಎಂದೇ ಹಿಡಿಯಿರಿ. ಕ್ಯಾಮೆರಾ 50 ಫ್ರೇಮಿನಲ್ಲಿದೆ, ಮೀಟರ್ 25ರಲ್ಲಿದೆ. ಷಟರ್ 90 ಡಿಗ್ರಿ ಇದೆ. 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಿದ್ದಾರೆ, ಒಂದು ಸ್ಟಾಪ್ ಹೋಯಿತು. ಅಥವಾ 0.71 ಪಟ್ಟಿನ ಸ್ಪೀಡ್ ಬೂಸ್ಟರ್ ಹಾಕಿದ್ದಾರೆ, ಒಂದು ಸ್ಟಾಪ್ ಬಂತು. ಇಲ್ಲವೇ ಇ.ಐ. 400 ಇದೆ. ಎರಡು ಸ್ಟಾಪ್ ಆದರೆ 1/4 ಎನ್‌ಡಿ, ಅಥವಾ ಸ್ಲೋ ಮೋಷನ್‌ಗೆ 100 ಫ್ರೇಮ್ ಇಟ್ಟು ಮೀಟರನ್ನು 25ರಲ್ಲೇ ಬಿಟ್ಟಿರುವುದು. ನಾಲ್ಕು ಸ್ಟಾಪ್ ಆದರೆ ಬೇಸ್ ಐಎಸ್‌ಒ ಅದಲುಬದಲು. ಎಫ್‌ಎಕ್ಸ್6ರ ಎರಡು ಬೇಸ್‌ಗಳು 800 ಮತ್ತು 12800. ನಡುವೆ ಹದಿನಾರು ಪಟ್ಟು, ಅಂದರೆ ನಾಲ್ಕು ಸ್ಟಾಪ್. ನಿಮ್ಮ ಮೀಟರಿನಲ್ಲಿ 12800 ಇಲ್ಲದಿದ್ದರೆ 800ಕ್ಕೇ ಅಳೆದು ನಾಲ್ಕು ಸ್ಟಾಪ್ ಎಣಿಸಿಕೊಳ್ಳಿ.

ಎನ್‌ಡಿ ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. ಎನ್‌ಡಿ 0.9, ಎನ್‌ಡಿ8, 1/8 ಮೂರೂ ಒಂದೇ, ಮೂರು ಸ್ಟಾಪ್. ಬಾಕ್ಸ್ ಮೇಲಿನ 8 ನೋಡಿ ಎಂಟು ಸ್ಟಾಪ್ ಎಂದುಕೊಳ್ಳಬೇಡಿ. ತಿರುಗಿಸುವ ವೇರಿಯಬಲ್ ಎನ್‌ಡಿಯ ಅಂಚಿನ ಗೆರೆಗಳನ್ನು ನಾನು ಅಳತೆ ಎಂದು ಪರಿಗಣಿಸುವುದೇ ಇಲ್ಲ. ಅದು ಬರೀ ಅಂದಾಜು. ಮೀಟರಿಗೆ ಹೊಂದಿಸಿ ಕೆಲಸ ಮಾಡಬೇಕಾದ ದಿನ ಅದನ್ನು ಬ್ಯಾಗಿನಲ್ಲೇ ಇಡಿ.

ಇ.ಐ. ಮತ್ತು ಲಟ್

ಸಿನಿ ಇ.ಐ. ಮೋಡಿನಲ್ಲಿ ರೆಕಾರ್ಡ್ ಆಗುವುದು ಯಾವಾಗಲೂ ಬೇಸ್ ಐಎಸ್‌ಒದಲ್ಲೇ. ನೀವು ಇ.ಐ. ಬದಲಿಸಿದರೆ ಲಟ್ ಹಾಕಿದ ಚಿತ್ರ ಕಪ್ಪಾಗುತ್ತದೆ ಇಲ್ಲವೇ ಬೆಳ್ಳಗಾಗುತ್ತದೆ, ಒಳಗೆ ಬರೆದುಕೊಳ್ಳುವ ಲಾಗ್ ಹಾಗೇ ಇರುತ್ತದೆ.

ನೆರಳಿನಲ್ಲಿ ನಾಯ್ಸ್ ಕಮ್ಮಿ ಇರಲಿ ಎಂದು ಛಾಯಾಗ್ರಾಹಕರು ಇ.ಐ. 400 ಇಡುತ್ತಾರೆ. ಮೀಟರಿನಲ್ಲೂ 400. ಹಾಗೆ ಮಾಡಿದಾಗ ಲೆನ್ಸ್ ಒಂದು ಸ್ಟಾಪ್ ಜಾಸ್ತಿ ತೆರೆಯುತ್ತದೆ. ಲಾಗ್ ವೇವ್‌ಫಾರ್ಮಿನಲ್ಲಿ ಗ್ರೇ 41ರಲ್ಲಿ ಇರುವುದಿಲ್ಲ, 49ಕ್ಕೆ ಏರುತ್ತದೆ. ಅದು ಬೇಕೆಂದೇ ಮಾಡಿದ್ದು. ಲಟ್ ಹಾಕಿದ ಮಾನಿಟರ್ ನೋಡುವವರಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಲಾಗ್ ನೋಡುವವರು "ಒಂದು ಸ್ಟಾಪ್ ಓವರ್" ಎಂದು ಓಡಿ ಬರುತ್ತಾರೆ. ಇಬ್ಬರೂ ಹೇಳುತ್ತಿರುವುದು ನಿಜವೇ, ಅಲ್ವಾ?

ಹಾಗಾಗಿ ವೇವ್‌ಫಾರ್ಮ್ ನೋಡುವ ಮೊದಲು ಅದು ಲಾಗ್ ತೋರಿಸುತ್ತಿದೆಯಾ, ಲಟ್ ದಾಟಿದ ಮೇಲಿನದ್ದನ್ನು ತೋರಿಸುತ್ತಿದೆಯಾ ಎಂದು ಕೇಳಿಕೊಳ್ಳಿ. ಲಟ್ ಆದ ಮೇಲೆ 41 ಎಂಬ ಅಂಕಿಗೆ ಅರ್ಥವಿಲ್ಲ. ಪ್ರತಿ ಲಟ್‌ಗೂ ಗ್ರೇ ಜಾಗ ಬೇರೆ. ಕ್ಯಾಮೆರಾದಿಂದ ಹೊರಗೆ ಹೋಗುವ ಎಸ್‌ಡಿಐ ವಿಡಿಯೋ ಸಿಗ್ನಲ್ಲಿನಲ್ಲಿ ಈಗಾಗಲೇ ಲಟ್ ಇದ್ದು, ಮಾನಿಟರಿನಲ್ಲೂ ಇನ್ನೊಂದು ಲಟ್ ಹಾಕಿದ್ದರೆ ಅದು ಬೇರೆಯೇ ಕಥೆ. ಚಿತ್ರ ಸುಟ್ಟಂತೆ ಕಾಣುತ್ತದೆ, ಪಾಪ ಮೀಟರಿಗೆ ಬೈಗುಳ.

18% ಕಾರ್ಡಿನ ಗುಟ್ಟು

ಈಗ 0.6 ಸ್ಟಾಪಿನ ವಿಷಯ. ಒಂದೇ ಮೀಟರ್, ಒಂದೇ ಬೆಳಕು. ಡೋಮಿನಿಂದ ಅಳೆದರೆ ಒಂದು ಅಂಕಿ. ಅದೇ ಮೀಟರಿನ ಸ್ಪಾಟಿನಿಂದ ಗ್ರೇ ಕಾರ್ಡನ್ನು ಅಳೆದರೆ ಇನ್ನೊಂದು ಅಂಕಿ, ಅರ್ಧ ಸ್ಟಾಪಿಗೂ ಸ್ವಲ್ಪ ಜಾಸ್ತಿ ಮುಚ್ಚಿಕೊಂಡು. ಇದನ್ನು ಕಂಡು ಮೀಟರನ್ನು ಸರ್ವಿಸ್‌ಗೆ ಕೊಟ್ಟವರೂ ಇದ್ದಾರೆ. ಕೊಡಬೇಕಾದ್ದಿಲ್ಲ.

ಮೀಟರಿನ ಒಳಗೆ ಎರಡು ಸ್ಥಿರಾಂಕಗಳಿವೆ. ಮೇಲೆ ಬೀಳುವ ಬೆಳಕಿಗೆ ಒಂದು, ಅದನ್ನು ಸಿ ಎನ್ನುತ್ತಾರೆ. ವಸ್ತುವಿನಿಂದ ವಾಪಸ್ ಬರುವ ಬೆಳಕಿಗೆ ಇನ್ನೊಂದು, ಅದು ಕೆ. ಸೆಕಾನಿಕ್‌ನಲ್ಲಿ ಡೋಮಿಗೆ ಸಿ 340, ಸ್ಪಾಟಿಗೆ ಕೆ 12.5. ಈ ಎರಡೂ ಒಂದೇ ಉತ್ತರ ಕೊಡಬೇಕಾದರೆ ಎದುರಿನ ಕಾರ್ಡ್ ಎಷ್ಟು ಬೆಳಕನ್ನು ವಾಪಸ್ ಕಳಿಸಬೇಕು? ಕೆಯನ್ನು ಪೈಯಿಂದ ಗುಣಿಸಿ ಸಿಯಿಂದ ಭಾಗಿಸಿ. 11.5% ಬರುತ್ತದೆ. 18 ಅಲ್ಲ! ನಿಮ್ಮ ಕಾರ್ಡ್ 18% ಆಗಿರುವುದರಿಂದ ಅದು ಸ್ಪಾಟ್ ಕಣ್ಣಿಗೆ 0.64 ಸ್ಟಾಪ್ ಜಾಸ್ತಿ ಬೆಳಕಾಗಿ ಕಾಣುತ್ತದೆ. ಮೀಟರ್ ಅಷ್ಟು ಮುಚ್ಚಿ ಎನ್ನುತ್ತದೆ. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಹಳೆಯ ಮಿನೋಲ್ಟಾ, ಪೆಂಟಾಕ್ಸ್ ಸ್ಪಾಟ್ ಮೀಟರುಗಳಲ್ಲಿ ಕೆ 14. ಹಾಗಾಗಿ ಎರಡು ಕಂಪನಿಯ ಸ್ಪಾಟ್ ಮೀಟರುಗಳೂ ತಮ್ಮೊಳಗೆ 0.16 ಸ್ಟಾಪ್ ಬೇರೆ ಹೇಳುತ್ತವೆ.

ಹಾಗಾದರೆ ಕ್ಯಾಮೆರಾ ಯಾರ ಕಡೆ? ಐಎಸ್‌ಒ 12232 ಎಂಬ ಮಾನದಂಡ ಡಿಜಿಟಲ್ ಕ್ಯಾಮೆರಾದ ಐಎಸ್‌ಒ ಹೇಗೆ ಹೇಳಬೇಕು ಎಂದು ಹಲವು ದಾರಿ ಕೊಡುತ್ತದೆ. 2006ರ ಪರಿಷ್ಕರಣೆಯಲ್ಲಿ ಎರಡು ಹೊಸ ದಾರಿ ಸೇರಿದವು. ಒಂದರಲ್ಲಿ 18% ಗ್ರೇ 8 ಬಿಟ್ ಚಿತ್ರದಲ್ಲಿ 118ಕ್ಕೆ ಬರುವಂತೆ ಅಳೆಯಬೇಕು. ಇನ್ನೊಂದರಲ್ಲಿ ತಯಾರಕರು ತಮಗೆ ಸರಿ ಕಂಡ ಅಂಕಿಯನ್ನು ಶಿಫಾರಸು ಮಾಡಬಹುದು. ಮೊದಲ ದಾರಿಯ ಪ್ರಕಾರ ಲೆಕ್ಕ ಹಾಕಿದರೆ ಕ್ಯಾಮೆರಾ ಡೋಮಿಗೂ ಸ್ಪಾಟಿಗೂ ಹೆಚ್ಚುಕಮ್ಮಿ ಮಧ್ಯೆ ಬರುತ್ತದೆ. ಡೋಮ್ ಹೇಳಿದಂತೆ ಇಟ್ಟರೆ ಗ್ರೇ ಮೂರನೇ ಒಂದು ಸ್ಟಾಪ್ ಮೇಲೆ, ಸ್ಪಾಟ್ ಹೇಳಿದಂತೆ ಇಟ್ಟರೆ ಮೂರನೇ ಒಂದು ಸ್ಟಾಪ್ ಕೆಳಗೆ. ಎರಡನೇ ದಾರಿ ಹಿಡಿದ ಕ್ಯಾಮೆರಾ ಆದರೆ ಈ ಲೆಕ್ಕವೂ ನಡೆಯುವುದಿಲ್ಲ, ಅಳೆದೇ ನೋಡಬೇಕು. ಒಟ್ಟಿನಲ್ಲಿ 0.3 ಸ್ಟಾಪ್ ಅಂತರ ಬಂದರೆ ಯಾರೂ ಸುಳ್ಳು ಹೇಳುತ್ತಿಲ್ಲ. ನಿಮಗೆ ಬೇಕಾಗಿರುವುದು ಒಂದೇ ರೀತಿಯಲ್ಲಿ ಅಳೆಯುವ ಶಿಸ್ತು. ಡೋಮ್ ಎಂದರೆ ಡೋಮ್, ಸ್ಪಾಟ್ ಎಂದರೆ ಸ್ಪಾಟ್. ಮಧ್ಯೆ ದಾಟಬೇಡಿ.

ಕಾರ್ಡನ್ನೂ ಒಮ್ಮೆ ಅನುಮಾನದಿಂದ ನೋಡಿ. ವೈಟ್ ಬ್ಯಾಲೆನ್ಸ್‌ಗೆ ಎಂದು ಮಾರುವ ಬೂದು ಕಾರ್ಡುಗಳೆಲ್ಲ 18% ಅಲ್ಲ. ಕಲರ್‌ಚೆಕರ್‌ನ (ಬಣ್ಣದ ಚೌಕಗಳಿರುವ ಪರೀಕ್ಷಾ ಕಾರ್ಡ್) ಕೊನೆಯ ಸಾಲಿನ ನಡುವಿನ ಬೂದು ಚೌಕ, ಬಿಳಿಯಿಂದ ಎಣಿಸಿದರೆ ನಾಲ್ಕನೆಯದು, 19.8%. ಅದರಿಂದ ಬರುವ ವ್ಯತ್ಯಾಸ 0.14 ಸ್ಟಾಪ್, ಅಷ್ಟೇನೂ ಇಲ್ಲ. ಆದರೆ ಮೂರನೆಯ ಚೌಕ 36%, ಅದನ್ನು ಹಿಡಿದರೆ ಒಂದಿಡೀ ಸ್ಟಾಪ್ ತಪ್ಪುತ್ತದೆ.

ಸೆಕಾನಿಕ್ ಎಲ್-308 ತರಹದ ಚಿಕ್ಕ ಮೀಟರುಗಳಲ್ಲಿ ಡೋಮ್ ಸರಿಸಿ ರಿಫ್ಲೆಕ್ಟೆಡ್, ಅಂದರೆ ವಾಪಸ್ ಬರುವ ಬೆಳಕು, ಅಳೆಯಬಹುದು, ನಿಜ. ಅದು ಸ್ಪಾಟ್ ಅಲ್ಲ, 40 ಡಿಗ್ರಿ ಅಗಲವಾಗಿ ನೋಡುತ್ತದೆ. ಕ್ಯಾಮೆರಾ ಪಕ್ಕದಿಂದ ಕಾರ್ಡಿಗೆ ಗುರಿಯಿಟ್ಟರೆ ಹಿಂದಿನ ಗೋಡೆ, ಪರದೆ, ಕಿಟಕಿ ಎಲ್ಲ ಲೆಕ್ಕಕ್ಕೆ ಸೇರುತ್ತವೆ. ಎಲ್-758, ಎಲ್-858ಗಳದ್ದು 1 ಡಿಗ್ರಿಯ ಸ್ಪಾಟ್, ಅದನ್ನು ಇಂಥ ಕೆಲಸಕ್ಕೆ ನಂಬಬಹುದು.

ಲೆನ್ಸ್ ಬದಲಿಸಿದಾಗ ಅಂತರ ಬದಲಾದರೆ

ಎಫ್ ಸಂಖ್ಯೆ ಬರೀ ಜ್ಯಾಮಿತಿ. ಗಾಜು ಎಷ್ಟು ಬೆಳಕು ತಿನ್ನುತ್ತದೆ ಎಂಬುದು ಅದರಲ್ಲಿಲ್ಲ. ಆ ನಷ್ಟವನ್ನೂ ಸೇರಿಸಿ ಅಳೆದದ್ದು ಟಿ-ಸ್ಟಾಪ್. ಒಂದು ಲೆನ್ಸ್ 80% ಬೆಳಕು ದಾಟಿಸಿದರೆ ಅದರ ಎಫ್/2.8 ನಿಜಕ್ಕೂ ಟಿ 3.1. ಮೂರನೇ ಒಂದು ಸ್ಟಾಪ್ ಅಲ್ಲೇ ಮಾಯ. ಮೀಟರ್ ಕೊಡುವ ಅಂಕಿಯನ್ನು ಟಿ ಎಂದುಕೊಂಡು ಸಿನಿ ಲೆನ್ಸಿಗೆ ಇಡಿ. ಸ್ಟಿಲ್ ಲೆನ್ಸ್ ಆದರೆ ಪ್ರತಿ ಲೆನ್ಸಿನ ನಷ್ಟವನ್ನು ಮೇಲಿನ ಕಾರ್ಡ್ ಪರೀಕ್ಷೆಯಿಂದ ಒಂದೇ ಸಲ ಅಳೆದು ಲೆನ್ಸ್ ಮೇಲೆ ಟೇಪ್ ಹಚ್ಚಿ ಬರೆದುಬಿಡಿ.

ಎಫ್/3.5-5.6 ಎಂದು ಬರೆದ ಝೂಮ್ ಹಾಕಿದ್ದರೆ ಅಗಲದಿಂದ ಟೆಲಿಗೆ ಹೋಗುವಾಗ ಒಂದು ಸ್ಟಾಪಿಗೂ ಜಾಸ್ತಿ ಕುಸಿಯುತ್ತದೆ. ಝೂಮ್ ಮಾಡಿದಾಗ ಮಾತ್ರ ಅಂತರ ಕಂಡರೆ ಬೇರೆ ಕಡೆ ಹುಡುಕಬೇಡಿ. ಮ್ಯಾಕ್ರೋದಲ್ಲಿ ಇನ್ನೂ ಜೋರು. ವಸ್ತು ಸೆನ್ಸರಿನ ಮೇಲೆ ನಿಜ ಗಾತ್ರದಲ್ಲಿ ಬಿದ್ದಾಗ ಎರಡು ಸ್ಟಾಪ್ ಬೆಳಕು ಹೋಗುತ್ತದೆ. ಉಂಗುರ, ಕಣ್ಣು, ಇರುವೆ ತೆಗೆಯುವಾಗ ಡೋಮಿನ ಅಂಕಿಯನ್ನು ಹಾಗೇ ನಂಬಿದರೆ ಕತ್ತಲು.

ಲೆನ್ಸಿನ ಮೇಲೇ ಅನುಮಾನ ಇದ್ದರೆ ಟಿ ಗುರುತಿರುವ ಒಂದು ಒಳ್ಳೆಯ ಪ್ರೈಮ್ (ಝೂಮ್ ಇಲ್ಲದ ಲೆನ್ಸ್) ತಂದು ಹಾಕಿ ನೋಡಿ. ಅಂತರ ಹೋಯಿತಾ? ಅಷ್ಟೇ ವಿಷಯ.

ಲೈಟ್ ಬದಲಿಸಿದಾಗ ಅಂತರ ಬದಲಾದರೆ

ಮೀಟರ್ ಮನುಷ್ಯನ ಕಣ್ಣಿನ ಹಾಗೆ ಬಣ್ಣಕ್ಕೆ ಸ್ಪಂದಿಸುವಂತೆ ಮಾಡಿರುತ್ತಾರೆ. ಕಣ್ಣಿಗೆ ಹಸಿರು ತುಂಬಾ ಚೆನ್ನಾಗಿ ಕಾಣುತ್ತದೆ, ಗಾಢ ನೀಲಿ ಬಹಳ ಕಮ್ಮಿ. 555 ನ್ಯಾನೊಮೀಟರಿನ ಹಸಿರಿಗೆ 1 ಎಂದರೆ 450ರ ನೀಲಿಗೆ 0.04ಕ್ಕಿಂತ ಕಮ್ಮಿ. ಕ್ಯಾಮೆರಾದ ನೀಲಿ ಚಾನೆಲ್‌ಗೆ ಅಂಥ ಭೇದವಿಲ್ಲ, ಅದು 450ನ್ನು ಧಾರಾಳವಾಗಿ ಹಿಡಿಯುತ್ತದೆ. ಆದ್ದರಿಂದ ಆರ್‌ಜಿಬಿ ಲೈಟಿನಲ್ಲಿ ಪೂರ್ತಿ ನೀಲಿ ಹಾಕಿ ಮೀಟರ್ ಹಿಡಿದರೆ "ಬೆಳಕೇ ಇಲ್ಲ" ಎನ್ನುತ್ತದೆ. ಅದನ್ನು ನಂಬಿ ಐರಿಸ್ ತೆರೆದರೆ ನೀಲಿ ಚಾನೆಲ್ ಉರಿದುಹೋಗುತ್ತದೆ. ಗಾಢ ಕೆಂಪಿನಲ್ಲೂ ಇದೇ ಪಾಡು. ಹಾಡಿನ ಚಿತ್ರೀಕರಣದಲ್ಲಿ ಬಣ್ಣದ ಲೈಟುಗಳಿಗೆ ಮೀಟರ್ ಬದಿಗಿಟ್ಟು ಆರ್‌ಜಿಬಿ ಪರೇಡ್ (ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆ ತೋರಿಸುವ ವೇವ್‌ಫಾರ್ಮ್) ನೋಡಿ. ಇದು ಮೀಟರಿನ ದೋಷವಲ್ಲ, ಆ ಕೆಲಸ ಅದರದ್ದಲ್ಲ.

ಮೀಟರಿನ ಅಂಕಿ ಒಂದೇ ಜಾಗದಲ್ಲಿ ಹಿಡಿದರೂ ಮೇಲೆ ಕೆಳಗೆ ಹಾರುತ್ತಿದ್ದರೆ ಲೈಟ್ ಮಿನುಗುತ್ತಿದೆ. ಅಗ್ಗದ ಎಲ್‌ಇಡಿಯನ್ನು 10%ಗೆ ಇಳಿಸಿದಾಗ ಇದು ಹೆಚ್ಚು. ಡಿಮ್ಮರ್ ಪೂರ್ತಿ ಏರಿಸಿ ಮತ್ತೆ ಅಳೆಯಿರಿ. ಅಂಕಿ ನಿಂತರೆ ಕಳ್ಳ ಡಿಮ್ಮರ್. ಬೆಳಕು ಜಾಸ್ತಿಯಾದರೆ ಲೈಟನ್ನು ದೂರ ತೆಗೆದುಕೊಂಡು ಹೋಗಿ, ಇಲ್ಲವೇ ಡಿಫ್ಯೂಷನ್ ಬಟ್ಟೆ ಹಾಕಿ.

ಮೀಟರೇ ಕೆಟ್ಟಿದೆ ಎನ್ನುವ ಮೊದಲು

ಮೀಟರಿನ ಮೆನುವಿನಲ್ಲಿ ಹಳೆಯ ಕಾಂಪನ್ಸೇಷನ್ (ಅಂಕಿಯನ್ನು ಮೇಲೆ ಕೆಳಗೆ ಸರಿಸುವ ತಿದ್ದುಪಡಿ) ಉಳಿದಿದೆಯಾ ನೋಡಿ. ಬಾಡಿಗೆಗೆ ತಂದ ಮೀಟರ್ ಆದರೆ ಇದು ಮೊದಲ ಅನುಮಾನ. ಹಿಂದಿನವರು ತಮ್ಮ ಕ್ಯಾಮೆರಾಗೆ ಹೊಂದಿಸಿ ಹಾಗೇ ವಾಪಸ್ ಕೊಟ್ಟಿರುತ್ತಾರೆ. ಎಲ್-758, ಎಲ್-858ರಲ್ಲಿ ಕ್ಯಾಮೆರಾ ಪ್ರೊಫೈಲ್‌ಗಳನ್ನೂ ತುಂಬಿಸಬಹುದು. ಯಾರದೋ ಪ್ರೊಫೈಲ್ ಆನ್ ಇದ್ದರೆ ಆಫ್ ಮಾಡಿ. ಬ್ಯಾಟರಿ ಹೊಸದು ಹಾಕಿ. ಡೋಮ್ ಹಳದಿ ತಿರುಗಿದೆಯಾ, ಬೆರಳಿನ ಜಿಡ್ಡು, ಮೇಕಪ್ ಪೌಡರ್ ಹತ್ತಿದೆಯಾ ನೋಡಿ, ಮೆತ್ತಗೆ ಒರೆಸಿ.

ಮೋಡವಿಲ್ಲದ ಮಧ್ಯಾಹ್ನ ಒಂದು ಒರಟು ಪರೀಕ್ಷೆ ಮಾಡಬಹುದು. ಐಎಸ್‌ಒ 100, ಷಟರ್ 1/100, ಡೋಮನ್ನು ಸೂರ್ಯನ ಕಡೆಗೆ ಹಿಡಿದರೆ 16ರ ಹತ್ತಿರ ತೋರಿಸಬೇಕು. ಧೂಳು, ತೆಳು ಮೋಡ ಇದ್ದರೆ ಸ್ವಲ್ಪ ಇಳಿಯುತ್ತದೆ. 8 ಅಥವಾ 5.6 ತೋರಿಸಿದರೆ ಮಾತ್ರ ಚಿಂತೆ ಮಾಡಿ. ಕೊನೆಗೆ ಇನ್ನೊಂದು ಮೀಟರ್ ತಂದು, ಒಂದೇ ಜಾಗದಲ್ಲಿ, ಒಂದೇ ರೀತಿ ಹಿಡಿದು, ಕಮ್ಮಿ ಬೆಳಕಿನಲ್ಲೂ ಜಾಸ್ತಿ ಬೆಳಕಿನಲ್ಲೂ ಹೋಲಿಸಿ. ಎರಡೂ ಕಡೆ ಅಂತರ ಅಷ್ಟೇ ಇದ್ದರೆ ತಿದ್ದಿಕೊಳ್ಳಬಹುದು. ಕಮ್ಮಿ ಬೆಳಕಿನಲ್ಲಿ ಸರಿ, ಬಿಸಿಲಿನಲ್ಲಿ ತಪ್ಪು ಎಂದಾದರೆ ಸೆನ್ಸರ್ ದಣಿದಿದೆ. ಆಗ ಸರ್ವಿಸ್‌ಗೆ ಕೊಡಿ.

ತಿದ್ದುವುದು

ಉಳಿದ ಅಂತರ ಸ್ಥಿರವಾಗಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ತಿದ್ದಿ. ಕಾಂಪನ್ಸೇಷನ್ ಮೆನುವಿನ ಪ್ಲಸ್ ಮೈನಸ್ ಗೊಂದಲ ನನಗೆ ಇಷ್ಟವಿಲ್ಲ. ಮೀಟರಿನ ಐಎಸ್‌ಒ ಬದಲಿಸುವುದು ಸುಲಭ, ಎದುರಿಗೇ ಕಾಣುತ್ತದೆ. ಮೀಟರ್ ಹೇಳಿದಂತೆ ಇಟ್ಟಾಗ ಗ್ರೇ ಮೂರನೇ ಒಂದು ಸ್ಟಾಪ್ ಮೇಲೆ ಹೋಗುತ್ತಿದೆಯಾ? ಕ್ಯಾಮೆರಾ 800ರಲ್ಲೇ ಇರಲಿ, ಮೀಟರನ್ನು 1000ಕ್ಕೆ ಇಡಿ. ಕೆಳಗೆ ಇಳಿಯುತ್ತಿದೆಯಾ? 640. ತಿದ್ದಿದ ಮೇಲೆ ಅದೇ ಕಾರ್ಡ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಗ್ರೇ 41ಕ್ಕೆ ಬರಲೇಬೇಕು. ಬರದಿದ್ದರೆ ಉಲ್ಟಾ ದಿಕ್ಕಿನಲ್ಲಿ ತಿದ್ದಿದ್ದೀರಿ.

ಎರಡು ಕ್ಯಾಮೆರಾ ಇದ್ದರೆ ಎರಡಕ್ಕೂ ಬೇರೆಬೇರೆ ಅಂಕಿ ಬರಬಹುದು, ಒಂದೇ ಮಾಡೆಲ್ ಆಗಿದ್ದರೂ ಅಳೆದೇ ಒಪ್ಪಿಕೊಳ್ಳಿ. ಮೀಟರಿನ ಬೆನ್ನಿಗೆ ಟೇಪ್ ಹಚ್ಚಿ "ಎ ಕ್ಯಾಮ್ 1000, ಬಿ ಕ್ಯಾಮ್ 800" ಎಂದು ಬರೆಯಿರಿ. ಬೇಸ್ 12800ಕ್ಕೂ ಪರೀಕ್ಷೆ ಬೇರೆ ಮಾಡಿ, 800ರ ತಿದ್ದುಪಡಿಯನ್ನೇ ಅಲ್ಲಿಗೂ ಎಳೆಯಬೇಡಿ. ಲೆನ್ಸ್ ಸೆಟ್ ಬದಲಾದರೆ, ಮೀಟರ್ ಕೆಳಗೆ ಬಿದ್ದರೆ, ಕ್ಯಾಮೆರಾಗೆ ಹೊಸ ಫರ್ಮ್‌ವೇರ್ ಹಾಕಿದರೆ ಹಳೆಯ ಟೇಪ್ ಕಿತ್ತು ಹೊಸದಾಗಿ ಅಳೆಯಿರಿ. ಬಾಡಿಗೆ ಮೀಟರ್ ವಾಪಸ್ ಕೊಡುವಾಗ ಐಎಸ್‌ಒ, ಕಾಂಪನ್ಸೇಷನ್ ಎರಡನ್ನೂ ಮೊದಲಿನಂತೆ ಮಾಡಿಯೇ ಕೊಡಿ.